ಜಿಂಕೆಗೆ ಗುಂಡು ತಾಗಬೇಕಾದ ಜಾಗದ ಕುರಿತು

ಓದುಗ ಮಹಾಶಯರಲ್ಲಿ ಸವಿನಯ ಅರಿಕೆ.

ಮೊಟ್ಟಮೊದಲಿಗೆ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ತಮ್ಮ ಕ್ಷಮೆ ಕೋರುತ್ತೇನೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿ ಸೇವೆ ಸಲ್ಲಿಸಿ ನಿವೃತ್ತಳಾದವಳು. ಇತರರು ಬರೆದುಕೊಟ್ಟ ಕರಡನ್ನು ನೋಡಿ ಅಚ್ಚು ಮಾಡುವುದು ನನಗೆ ಗೊತ್ತು. ಕಣ್ಣ ಮುಂದೆ ಕರಡಿಲ್ಲದೆ, ಲೇಖನಿ ಹಿಡಿದು, ನನ್ನದೇ ವಿಷಯವನ್ನು ಬರೆಯುತ್ತಿರುವುದು ಇದೇ ಮೊದಲು. ಬೆರಳುಗಳಿಗೆ ಕೀಲಿಗಳ ಅಭ್ಯಾಸವಾಗಿ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ. ಒತ್ತಕ್ಷರಗಳಲ್ಲಿ ಲೋಪವಿರಬಹುದು. ವಾಕ್ಯಗಳು ಕಚೇರಿಯ ಪತ್ರದ ಹಾಗೆ ಕೇಳಿಸಿದರೆ ಅದಕ್ಕೂ ಮನ್ನಿಸಬೇಕು. ಬೇರೆ ರೀತಿಯ ವಾಕ್ಯಗಳು ನನ್ನ ಕೈಗೆ ಬಂದಿಲ್ಲ.

ವಿಷಯವೇನೆಂದರೆ, ನನ್ನ ತಂದೆಯವರು ಒಂದು ರೈಫಲ್ ಬಿಟ್ಟುಹೋದರು. ಅದು ನನ್ನ ಬಳಿಯೇ ಉಳಿಯಬೇಕೆಂದು ನಾನು ಪ್ರಯತ್ನ ಮಾಡಿದೆ. ಸದರಿ ರೈಫಲ್ಲಿನ ಜೊತೆಯಲ್ಲಿ ನನಗೆ ಒಂದು ವಿದ್ಯೆಯೂ ಬಂದಿತ್ತು. ಜಿಂಕೆಗೆ ಗುಂಡು ಎಲ್ಲಿ ತಾಗಬೇಕು, ತಾಗಿದ ಗುಂಡು ಒಳಗೆ ಹೋಗಿ ಏನು ಮಾಡಬೇಕು ಎಂಬುದನ್ನು ನಾನು ಚೆನ್ನಾಗಿ ಬಲ್ಲೆ. ಆದರೆ ಜೀವಮಾನದಲ್ಲಿ ಒಂದು ಗುಂಡನ್ನೂ ನಾನು ಹಾರಿಸಿಲ್ಲ. ಬೇಟೆಯನ್ನು ಕಾನೂನು ನಿಷೇಧಿಸಿದಾಗ ನಾನಿನ್ನೂ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದೆ. ಆ ನಿಷೇಧ ಸರಿಯಾದದ್ದೆಂದು ತಂದೆಯವರೂ ಒಪ್ಪಿದ್ದರು, ನಾನೂ ಒಪ್ಪುತ್ತೇನೆ.

ಅಪ್ಪ ಕೆಂಗೇರಿ ಕಡೆಯ ಹಳ್ಳಿಯೊಂದರ ಒಕ್ಕಲು ಮನೆಯವರು. ಭೂಮಾಪನದ ಕೆಲಸದಲ್ಲಿದ್ದುದರಿಂದ ಸರಪಳಿ ಹಿಡಿದು ಕಾಡಂಚಿನ ಊರುಗಳಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರು. ಆ ಕಾಲದಲ್ಲಿ ಪರವಾನಗಿ ಪಡೆದು ಬೇಟೆಯಾಡುವುದು ತಪ್ಪಾಗಿರಲಿಲ್ಲ. ತ್ರೀ-ಫಿಫ್ಟೀನ್ ಬೋರಿನ ಆ ರೈಫಲನ್ನು ಅವರು ಕೊಂಡದ್ದು ಆಗಲೇ. ನಿಷೇಧ ಬಂದ ಮೇಲೆ ಅದು ಬೀರುವಿನೊಳಗೆ ಸೇರಿತು. ಚಂದ್ರಾ ಲೇಔಟಿನಲ್ಲಿ ಈ ಮನೆ ಕಟ್ಟಿ ಬಂದಾಗ ಬೀರುವಿನೊಂದಿಗೆ ಅದೂ ಬಂತು. ಆಯುಧಪೂಜೆಯ ದಿನ ಮಾತ್ರ ಹೊರಬಂದು ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆಗಳ ಸಾಲಿನಲ್ಲಿ ಕುಂಕುಮ ಇಡಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು.

ಹೊರಗೆ ಬರದೆ ಇದ್ದದ್ದು ರೈಫಲ್ ಮಾತ್ರ. ಅದರ ಮಾತು ದಿನವೂ ಬರುತ್ತಿತ್ತು. ರಾತ್ರಿ ಊಟದ ತಟ್ಟೆಯಲ್ಲಿ ರಾಗಿಮುದ್ದೆ ಬಿದ್ದ ಕೂಡಲೇ ಅಪ್ಪ ಒಂದು ಕಡಲೆಬೀಜ ತೆಗೆದುಕೊಂಡು ಮುದ್ದೆಯ ಒಂದು ಪಕ್ಕದಿಂದ ಒತ್ತಿ ಇನ್ನೊಂದು ಪಕ್ಕಕ್ಕೆ ಹೊರಡಿಸುತ್ತಿದ್ದರು.

"ಇದು ಗಟ್ಟಿ ಮೂತಿ ಗುಂಡು. ಮೇಲೆಲ್ಲಾ ಕವಚ. ಈ ಕಡೆ ಹೋಯ್ತು, ಆ ಕಡೆ ಬಂತು. ತೂತು ಬಿಟ್ರೆ ಇನ್ನೇನೂ ಮಾಡ್ಲಿಲ್ಲ. ಜಿಂಕೆ ಓಡ್ತಾನೇ ಇರುತ್ತೆ."

ಆಮೇಲೆ ಹೆಬ್ಬೆರಳನ್ನು ಸಾರಿನಲ್ಲಿ ಅದ್ದಿ ಮುದ್ದೆಯೊಳಗೆ ಇಳಿಸಿ, ಒಳಗೇ ಅಗಲ ಮಾಡುತ್ತಿದ್ದರು.

"ಇದು ಮೆತ್ತನೆ ಮೂತಿದು. ಒಳಗೆ ಹೋಗಿ ಅಣಬೆ ಥರ ಅರಳ್ಕೊಳ್ಳುತ್ತೆ. ತಂದಿದ್ದ ಜೋರೆಲ್ಲ ಅಲ್ಲೇ ಖರ್ಚು. ಜಿಂಕೆಗೆ ತನಗೇನಾಯ್ತು ಅಂತ ಗೊತ್ತಾಗೋದ್ರೊಳಗೆ ಮುಗಿದಿರುತ್ತೆ."

"ತಿನ್ನೋ ಅನ್ನಕ್ಕೆ ಗುಂಡು ಹೊಡೀತೀರಲ್ಲ ರೀ," ಎಂದು ಅಮ್ಮ ಒಲೆಯ ಕಡೆಯಿಂದಲೇ ಹೇಳುತ್ತಿದ್ದರು. "ಆ ಮುದ್ದೇನ ಅವಳು ಉಣ್ಬೇಕಾ, ಹೂಳ್ಬೇಕಾ?"

ಅಮ್ಮ ಬಹಳ ಬೇಗ ತೀರಿಕೊಂಡರು. ಆ ಮೇಲೆ ಮುದ್ದೆ ಮಾಡುವವಳೂ ನಾನೇ, ಅದಕ್ಕೆ ಗುಂಡು ಹೊಡೆಯುವುದನ್ನು ನೋಡುವವಳೂ ನಾನೇ ಆದೆ. ನನಗೆ ವರಗಳು ಬಂದವು, ಹೋದವು. ಯಾವ ಕಾರಣಕ್ಕೆ ಹೋದವೆಂದು ಯಾರೂ ಲಿಖಿತವಾಗಿ ತಿಳಿಸಲಿಲ್ಲ.

ಪಾಠದ ಎರಡನೆಯ ಭಾಗ ಭಾನುವಾರದ ಸಂಜೆಗಳಲ್ಲಿ ನಡೆಯುತ್ತಿತ್ತು. ಆಗ ಮಲ್ಲತ್ತಹಳ್ಳಿ ಕೆರೆಯ ಸುತ್ತ ಇನ್ನೂ ದನ ಮೇಯುತ್ತಿದ್ದವು. ಅಪ್ಪ ಯಾವುದಾದರೊಂದು ಹಸುವಿನ ಮುಂದೆ ನಿಂತು, ಅದನ್ನು ಜಿಂಕೆಯೆಂದು ಭಾವಿಸಬೇಕೆಂದು ನನಗೆ ಹೇಳುತ್ತಿದ್ದರು. ಅದು ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಾಗ ಒಂದೇ ಮಾತು ಕೇಳುತ್ತಿದ್ದರು.

"ಈಗ?"

"ಬೇಡ. ಈ ಕಡೆಯ ಮುಂಗಾಲು ಹಿಂದಿದೆ. ಮೂಳೆ ಅಡ್ಡ ಬರುತ್ತೆ."

ಹಸು ಒಂದು ಹೆಜ್ಜೆ ಮುಂದಿಡುವವರೆಗೆ ನಾವು ಕಾಯುತ್ತಿದ್ದೆವು. ಮುಂಗಾಲು ಮುಂದಕ್ಕೆ ಹೋದಾಗ ಅದರ ಹಿಂದೆ ಒಂದು ಜಾಗ ತೆರೆದುಕೊಳ್ಳುತ್ತದೆ. ಕಾಲಿನ ಹಿಂದಿನ ಅಂಚನ್ನು ಹಿಡಿದು ನೇರ ಮೇಲಕ್ಕೆ ಬಂದು, ಎದೆಯ ಮೂರರಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ ನಿಲ್ಲಬೇಕು. ಅಲ್ಲಿ ಹೃದಯದ ಮೇಲುಭಾಗವಿದೆ. ತುಸು ಮೇಲೆ ಹೋದರೂ ಹಿಂದೆ ಹೋದರೂ ಶ್ವಾಸಕೋಶ. ಕೈ ಸ್ವಲ್ಪ ಅಲುಗಿದರೂ ಆ ಜಾಗ ಕ್ಷಮಿಸುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ತಲೆ ಕ್ಷಮಿಸುವುದಿಲ್ಲ. ತಲೆಗೆ ಗುರಿಯಿಟ್ಟು ದವಡೆಗೆ ತಾಗಿದರೆ ಜಿಂಕೆ ಓಡಿಹೋಗಿ ಮೇಯಲಾರದೆ ಹಸಿವಿನಿಂದ ಸಾಯುತ್ತದೆ. ಅದು ನಮಗೆ ಓರೆಯಾಗಿ ಬೆನ್ನು ಮಾಡಿ ನಿಂತಿದ್ದರೆ ಆಚೆ ಕಡೆಯ ಮುಂಗಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಗುರಿಯಿಡಬೇಕು, ಏಕೆಂದರೆ ಗುಂಡು ಈ ಕಡೆಯ ಚರ್ಮದಲ್ಲಿ ಎಲ್ಲಿ ಹೊಕ್ಕಿತು ಎನ್ನುವುದಕ್ಕಿಂತ ಒಳಗೆ ಯಾವ ದಾರಿ ಹಿಡಿಯಿತು ಎನ್ನುವುದು ಮುಖ್ಯ. ಪೂರ್ತಿ ಬೆನ್ನು ತೋರಿಸಿ ನಿಂತ ಪ್ರಾಣಿಗೆ ಹೊಡೆಯಲೇ ಬಾರದು.

"ಕೊಲ್ಲೋದು ಸುಲಭ ಕಣೇ. ಬೇಗ ಕೊಲ್ಲೋದು ಕಷ್ಟ," ಎನ್ನುತ್ತಿದ್ದರು.

ಹೊಡೆದ ಮೇಲಿನದೂ ಪಾಠವಿತ್ತು. ಎದ್ದು ಓಡಬಾರದು, ಕೂತು ಒಂದು ಬೀಡಿ ಮುಗಿಸಬೇಕು. ಆಮೇಲೆ ಹೋಗಿ ಎಲೆಗಳ ಮೇಲೆ ಬಿದ್ದ ರಕ್ತ ನೋಡಬೇಕು. ಹಸಿರು ಬೆರೆತು ನಾತ ಹೊಡೆದರೆ ಹೊಟ್ಟೆಗೆ ತಾಗಿದೆ, ಬಹಳ ಹೊತ್ತು ಕಾಯಬೇಕು, ಅವಸರ ಮಾಡಿದರೆ ಅದು ಮತ್ತೆ ಎದ್ದು ಓಡಿ ನರಳುತ್ತದೆ. ತಿಳಿಗುಲಾಬಿ ಬಣ್ಣದ್ದಾಗಿ ನೊರೆ ನೊರೆಯಾಗಿದ್ದರೆ ಶ್ವಾಸಕೋಶ. ಇನ್ನು ಹೆಚ್ಚು ದೂರವಿಲ್ಲ.

ಒಮ್ಮೆ ಮೆತ್ತನೆ ಮೂತಿಯ ತೋಟಾ ಸಿಗದೆ, ಯಾರೋ ಕೊಟ್ಟ ಗಟ್ಟಿ ಮೂತಿಯದನ್ನು ಹಾಕಿ ಅಪ್ಪ ಹೊಡೆದಿದ್ದರಂತೆ. ಗುರಿ ಸರಿಯಾಗಿತ್ತು, ಗುಂಡು ಮಾತ್ರ ಒಳಗೆ ನಿಲ್ಲದೆ ಆಚೆ ಕಡೆಯಿಂದ ಹೊರಟುಹೋಯಿತು. ಆ ಜಿಂಕೆಯನ್ನು ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. ಈ ಸಂಗತಿಯನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. ಪ್ರತಿ ಬಾರಿಯೂ ಅವರು ಹುಡುಕಿದ ಹಳ್ಳ ಬೇರೆಯಾಗಿರುತ್ತಿತ್ತು, ಜಿಂಕೆ ಅದೇ ಆಗಿರುತ್ತಿತ್ತು.

ಇಂಥ ವಿದ್ಯೆ ಇರುವವರಿಗೆ ಸಹವಾಸ ಕಡಿಮೆ. ಕಚೇರಿಯವರೆಲ್ಲ ಒಮ್ಮೆ ಮೃಗಾಲಯಕ್ಕೆ ಹೋಗಿದ್ದೆವು. ಎಲ್ಲರೂ ಕೊಂಬು ನೋಡಿದರು, ಚುಕ್ಕೆ ನೋಡಿದರು. ಗಂಡು ಜಿಂಕೆಯೊಂದು ಪಕ್ಕಕ್ಕೆ ತಿರುಗಿ ಮುಂಗಾಲು ಮುಂದಿಟ್ಟಿತು. "ಈಗ ಸರಿಯಾಗಿ ನಿಂತಿದೆ," ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಫೋಟೋಗಾ ಮೇಡಂ?" ಎಂದರು ಪಕ್ಕದಲ್ಲಿದ್ದ ಸಹೋದ್ಯೋಗಿ.

ಹೌದು ಎಂದೆ. ಅವರು ಮೊಬೈಲು ತೆಗೆದರು.

ಅಪ್ಪ ತೀರಿಕೊಂಡದ್ದು ದಸರಾ ಕಳೆದ ಸ್ವಲ್ಪ ದಿನಕ್ಕೆ. ಬೆಳಿಗ್ಗೆ ಕಾಫಿ ಕುಡಿದು ಹಜಾರದ ಕುರ್ಚಿಯಲ್ಲಿ ಕುಳಿತಿದ್ದವರಿಗೆ ಕೆಮ್ಮು ಬಂತು, ಉಸಿರು ಮೇಲೆ ಕೆಳಗೆ ಆಯಿತು. ಟವೆಲನ್ನು ಬಾಯಿಗೆ ಹಿಡಿದುಕೊಂಡರು. ತೆಗೆದಾಗ ಅದರ ಮೇಲೆ ತಿಳಿಗುಲಾಬಿ ಬಣ್ಣದ ನೊರೆಯಿತ್ತು. ಅಪ್ಪ ಟವೆಲು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಆ ಬಣ್ಣದ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಆಸ್ಪತ್ರೆಯಲ್ಲಿ ವೈದ್ಯರು ಬಹಳ ನಿಧಾನವಾಗಿ, ನನಗೆ ತಿಳಿಯುವಂತೆ ವಿವರಿಸಿದರು. ತಿಳಿಯದವಳಂತೆ ಕೇಳಿಸಿಕೊಂಡೆ.

ಪರವಾನಗಿ ಹೊಂದಿದವರು ಮೃತರಾದರೆ ಆಯುಧವನ್ನು ಠಾಣೆಗೆ ಒಪ್ಪಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಹಾಕಬಹುದು, ಸಿಕ್ಕರೆ ಅದು ಮನೆಗೆ ಮರಳುತ್ತದೆ. ಅದು ಮರಳಬೇಕೆಂಬುದು ನನ್ನ ಆಸೆಯಾಗಿತ್ತು. ಅದರಿಂದ ಹೊಡೆಯಲು ನನಗೆ ಏನೂ ಇರಲಿಲ್ಲ. ಆದರೆ ಈ ಮನೆಯಲ್ಲಿ ಅಪ್ಪನೂ ನಾನೂ ಮಾತಾಡಿದ್ದು ಬಹುಪಾಲು ಅದರ ಬಗ್ಗೆಯೇ. ಬೀರುವಿನಲ್ಲಿ ಅದೂ ಇಲ್ಲವೆಂದಾದರೆ ನಾವು ಮಾತಾಡಿದ್ದಕ್ಕೆ ಏನು ದಾಖಲೆ ಉಳಿಯುತ್ತದೆ ಎಂದು ಹೆದರಿದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಅದನ್ನು ಅಪ್ಪನ ಹಳೆಯ ಪಂಚೆಯಲ್ಲಿ ಸುತ್ತಿ ಆಟೋ ಹತ್ತಿದೆ.

"ಏನ್ ಆಂಟಿ ಅದು, ತಂಬೂರಿನಾ?" ಎಂದು ಆಟೋದವರು ಕೇಳಿದರು.

"ನಮ್ಮಪ್ಪಂದು," ಎಂದೆ.

"ಹಾಡ್ತಿದ್ರಾ?"

"ಇಲ್ಲ. ನಿಲ್ಸಿದ್ರು."

ಠಾಣೆಯಲ್ಲಿ ಆಯುಧಗಳ ಉಸ್ತುವಾರಿ ನೋಡುತ್ತಿದ್ದವರು ಹಿರಿಯ ದಫೇದಾರರೊಬ್ಬರು. ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಲು, ತೋಟಾ ತುಂಬುವ ಜಾಗವನ್ನು ಮುಚ್ಚುವ ಬೋಲ್ಟ್ ಎಳೆದು ತೋರಿಸಬೇಕೆಂದರು. ನಾನು ಎಳೆದೆ, ಬರಲಿಲ್ಲ. ಅವರು ಎಳೆದರು, ಬರಲಿಲ್ಲ. ಇನ್ನೊಬ್ಬ ಪೊಲೀಸರನ್ನು ಕರೆದು ಎಳೆಸಿದರು. ಆಗಲೂ ಬರದಿದ್ದಾಗ ದಫೇದಾರರ ಮುಖ ಗಂಭೀರವಾಯಿತು.

"ಒಳಗೆ ತೋಟಾ ಇದೆಯಾ ಮೇಡಂ?"

"ಇಲ್ಲ ಸಾರ್. ನನಗೆ ಗೊತ್ತು."

"ಎಲ್ರೂ ಹಾಗೇ ಹೇಳೋದು."

ಆಗ ನನಗೆ ಕಾರಣ ಹೊಳೆಯಿತು. ಅಪ್ಪನಿಗೆ ಬಗ್ಗಲಾಗದೆ ಹೋದ ಮೇಲೆ ಆಯುಧಪೂಜೆಗೆ ರೈಫಲ್ ಒರೆಸಿ ಎಣ್ಣೆ ಹಾಕುವ ಕೆಲಸ ನನ್ನದಾಗಿತ್ತು. ಅವರ ಬಳಿ ಇದ್ದ ಬಂದೂಕಿನ ಎಣ್ಣೆಯ ಶೀಷೆ ಮುಗಿದುಹೋಗಿತ್ತು. ನಮ್ಮ ಮನೆಯಲ್ಲಿ ತಲೆಗೂ, ಬಾಗಿಲ ತಿರುಗಣೆಗೂ, ಹೊಲಿಗೆ ಯಂತ್ರಕ್ಕೂ ಅಮ್ಮನ ಕಾಲದಿಂದ ಒಂದೇ ಎಣ್ಣೆ. ಅದನ್ನೇ ಧಾರಾಳವಾಗಿ ಬಿಟ್ಟಿದ್ದೆ. ವರ್ಷ ವರ್ಷದ್ದೂ ಸೇರಿ ಮೇಣವಾಗಿ, ಈ ಚಳಿಗೆ ಗಟ್ಟಿಯಾಗಿ ಕೂತಿದೆ.

"ಕೊಬ್ಬರಿ ಎಣ್ಣೆ ಸಾರ್," ಎಂದೆ.

ದಫೇದಾರರು ನನ್ನನ್ನೂ ರೈಫಲನ್ನೂ ನೋಡಿದರು. "ಗನ್ನಿಗಾ?"

"ಜಡೆ ಹಾಕಿಲ್ಲವಲ್ಲ, ಪುಣ್ಯ," ಎಂದರು ಇನ್ನೊಬ್ಬ ಪೊಲೀಸರು.

ಹಿತ್ತಲಿನಲ್ಲಿ ಕಟ್ಟಡಕ್ಕೆಂದು ತಂದ ಮರಳಿನ ರಾಶಿಯಿತ್ತು. ಮೂತಿಯನ್ನು ಮರಳಿನ ಕಡೆಗೆ ಮಾಡಿ ರೈಫಲನ್ನು ಬಿಸಿಲಿಗೆ ಮಲಗಿಸಿ, ಎಣ್ಣೆ ಕರಗುವುದನ್ನು ಕಾಯುತ್ತ ನಾವಿಬ್ಬರೂ ಪಕ್ಕಕ್ಕೆ ಕುಳಿತೆವು. ದಫೇದಾರರು ಹೊತ್ತು ಕಳೆಯಲೆಂದು ಕೇಳಿದರು.

"ಏನ್ ಹೊಡೀತಿದ್ರು ನಿಮ್ಮ ತಂದೆ?"

"ಜಿಂಕೆ. ಒಂದೆರಡು ಸಲ ಕಡವೆ."

"ತಲೆಗೇ ಹೊಡೀಬೇಕಲ್ವಾ ಮೇಡಂ, ಒಂದೇ ಏಟಿಗೆ?"

ಅಪ್ಪ ಹೋದ ಮೇಲೆ ಈ ವಿಷಯದಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಹೇಳತೊಡಗಿದೆ. ಮುಂಗಾಲು, ಮೂಳೆ, ಕ್ಷಮಿಸುವ ಜಾಗ, ಅಣಬೆಯಂತೆ ಅರಳುವ ಗುಂಡು. ಹಗುರ ಗುಂಡು ಭುಜದ ಮೂಳೆಗೆ ತಾಗಿದರೆ ಒಳಗೆ ಇಳಿಯದೆ ಮೇಲೆಯೇ ಪುಡಿಯಾಗಿ ಹೋಗುವುದನ್ನೂ ಹೇಳಿದೆ. ಬೆರಳಿನಿಂದ ಮರಳಿನ ಮೇಲೆ ಜಿಂಕೆಯ ಪಕ್ಕದ ಚಿತ್ರ ಬರೆದು ತೋರಿಸಿದೆ. ನನ್ನ ಧ್ವನಿ ದೊಡ್ಡದಾದದ್ದು ನನಗೇ ತಿಳಿಯಲಿಲ್ಲ. ಒಳಗಿನಿಂದ ಇಬ್ಬರು ಬಂದು ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ಹೊಡೆದಿದೀರ ಮೇಡಂ ನೀವು?"

"ನಾನಾ? ಒಂದೂ ಇಲ್ಲ ಸಾರ್."

ಅವರು ನಕ್ಕರು. ಅಪಹಾಸ್ಯದ ನಗುವಲ್ಲ. ಬೋಲ್ಟ್ ತುಸು ಜಿನುಗಿ, ಮಣಿದು, ತೆರೆದುಕೊಂಡಿತು. ಒಳಗೆ ಖಾಲಿಯಿತ್ತು.

ಅರ್ಜಿಯಲ್ಲಿ ಕಾರಣ ಬರೆಯುವಾಗ ಅದೇ ದಫೇದಾರರು ಸಲಹೆ ಕೊಟ್ಟರು. "ಒಂಟಿ ಹೆಂಗಸು, ಆತ್ಮರಕ್ಷಣೆಗೆ ಅಂತ ಬರೀರಿ ಮೇಡಂ. ನಡೆಯುತ್ತೆ." ಯಾರಿಂದ ರಕ್ಷಣೆ ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಹಾಲಿನವರು ಗೇಟಿಗೆ ಚೀಲ ತಗುಲಿಸಿ ಹೋಗುತ್ತಾರೆ. ಅವರನ್ನು ಬಿಟ್ಟರೆ ನಮ್ಮ ಮನೆಯ ಹತ್ತಿರ ಯಾರೂ ಬರುವುದಿಲ್ಲ. ತಂದೆಯವರ ನೆನಪಿಗಾಗಿ ಎಂದು ಬರೆದೆ.

"ಸರಿ ಬಿಡಿ. ವಿಚಾರಣೆಗೆ ಬರ್ತೀನಿ. ನಿಮ್ಮನ್ನ ಚೆನ್ನಾಗಿ ಬಲ್ಲೋರು ಅಕ್ಕಪಕ್ಕದಲ್ಲಿ ಇಬ್ರು ಹೇಳಿಕೆ ಕೊಟ್ರೆ ಆಯ್ತು," ಎಂದರು.

ಈ ರಸ್ತೆಯಲ್ಲಿ ನನಗೆ ಕೂದಲು ನರೆತಿದೆ. ಆದರೂ ಇಬ್ಬರು ಎಂದಾಗ ನನ್ನ ಮನಸ್ಸಿನಲ್ಲಿ ಒಂದು ಮುಖವೂ ತಕ್ಷಣ ಬರಲಿಲ್ಲ. ಬಲಗಡೆಯ ಮನೆ ಕೆಡವಿ ಮಹಡಿಗಳು ಎದ್ದಿವೆ, ಅಲ್ಲಿ ಬಾಡಿಗೆಯವರು ಬದಲಾಗುತ್ತಲೇ ಇರುತ್ತಾರೆ. ಎಡಗಡೆಯವರು ಕೆಂಗೇರಿ ಉಪನಗರಕ್ಕೆ ಹೋಗಿ ಎಷ್ಟೋ ಕಾಲವಾಯಿತು. ಉಳಿದವರು ಎದುರುಮನೆಯ ಆಕೆ. ಪ್ರತಿ ಸಂಕ್ರಾಂತಿಗೆ ಅವರ ಮನೆಯ ಎಳ್ಳುಬೆಲ್ಲ ನಮ್ಮ ಮನೆಗೆ ಬರುತ್ತದೆ, ನಮ್ಮದು ಅವರ ಮನೆಗೆ ಹೋಗುತ್ತದೆ. ಗೇಟಿನಲ್ಲಿ ನಿಂತು ಒಳ್ಳೆಯ ಮಾತಾಡೋಣ ಎಂದು ನಕ್ಕು ಹಿಂದಿರುಗುತ್ತೇವೆ. ಆ ವರ್ಷ ಸೂತಕವೆಂದು ನಾನು ಹಂಚಲಿಲ್ಲ. ಅವರು ತಂದುಕೊಟ್ಟರು.

ದಫೇದಾರರು ಬಂದದ್ದು ಸಂಕ್ರಾಂತಿ ಮುಗಿದ ವಾರದಲ್ಲಿ. ಎದುರುಮನೆಯಾಕೆಯನ್ನು ಗೇಟಿಗೆ ಕರೆದು, ನನ್ನ ಎದುರಿನಲ್ಲಿಯೇ ಕೇಳಿದರು.

"ಇವರ ಪರಿಚಯ ಇದೆಯೇನಮ್ಮ ನಿಮಗೆ?"

"ಅಯ್ಯೋ, ಇಲ್ದೆ? ಎಷ್ಟೋ ವರ್ಷದಿಂದ ಎದುರುಬದುರು ಇದೀವಿ. ಬಹಳ ಒಳ್ಳೆಯವರು ಸಾರ್. ಟೀಚರಮ್ಮ. ಎಷ್ಟು ಮಕ್ಕಳಿಗೆ ವಿದ್ಯೆ ಕಲ್ಸಿದಾರೋ."

ದಫೇದಾರರು ಬರೆದುಕೊಳ್ಳತೊಡಗಿದರು. ಅಕ್ಷರಗಳು ಕಾಗದದ ಮೇಲೆ ಮೂಡುವುದನ್ನು ನಾನು ನೋಡುತ್ತಿದ್ದೆ. ಜೀವನವಿಡೀ ಕರಡು ಓದಿದ ಕಣ್ಣು ಸುಮ್ಮನಿರಲಿಲ್ಲ.

"ನಾನು ಟೀಚರ್ ಅಲ್ಲ. ಟೈಪಿಸ್ಟ್ ಆಗಿದ್ದೆ," ಎಂದೆ.

"ಹೌದಾ? ಮತ್ತೆ ದಿನಾ ಸೀರೆ ಉಟ್ಕೊಂಡು ಬ್ಯಾಗ್ ಹಾಕ್ಕೊಂಡು ಹೋಗ್ತಿದ್ರಲ್ಲ?"

"ಆಫೀಸಿಗೆ."

"ನಾನು ಸ್ಕೂಲ್ ಅನ್ಕೊಂಡಿದ್ದೆ ನೋಡಿ. ಏನ್ ಸಾರ್ ಇದು, ಪಾಸ್‌ಪೋರ್ಟಿಗಾ?"

"ಗನ್ ಲೈಸೆನ್ಸಿಗೆ."

ಆಕೆಯ ಕೈ ಗೇಟಿನ ಚಿಲಕದ ಮೇಲೆ ಹೋಯಿತು. "ಯಾರಿಗೆ, ಇವರ ಯಜಮಾನರಿಗಾ? ದುಬೈನಿಂದ ಬಂದ್ರಾ ಅವ್ರು?"

"ನನಗೆ ಮದುವೆಯಾಗಿಲ್ಲ," ಎಂದೆ.

ದಫೇದಾರರು ಪೆನ್ನಿನ ಮುಚ್ಚಳ ಹಾಕಿದರು. ಆಕೆ ಒಳ್ಳೆಯವರು, ನನಗೆ ಕೇಡು ಬಯಸಿದವರಲ್ಲ. ಇಷ್ಟು ವರ್ಷ ನನಗೊಂದು ಉದ್ಯೋಗ, ಒಬ್ಬ ಗಂಡ, ದೂರದ ಒಂದು ಊರು ಎಲ್ಲವನ್ನೂ ತಾವೇ ಹೊಂದಿಸಿ, ನನ್ನನ್ನು ಸುಖವಾಗಿಟ್ಟಿದ್ದರು. ಬಲಗಡೆಯ ಬಾಡಿಗೆಯವರು ಬಾಗಿಲನ್ನು ಅರ್ಧ ತೆರೆದು, ತಾವು ಹೊಸಬರೆಂದು ಹಿಂದಿಯಲ್ಲಿ ಹೇಳಿ ಮುಚ್ಚಿಕೊಂಡರು.

ಬೈಕು ಹತ್ತುವಾಗ ದಫೇದಾರರು ತಗ್ಗಿದ ಧ್ವನಿಯಲ್ಲಿ, "ಸುಮ್ನಿರ್ಬಾರ್ದಿತ್ತಾ ಮೇಡಂ? ಟೀಚರ್ ಅಂದ್ರು, ಅಂದ್ಕೊಳ್ಲಿ. ನಾನು ಬರ್ಕೊಂಡು ಹೋಗ್ತಿದ್ದೆ," ಎಂದರು.

"ತಪ್ಪು ದಾಖಲೆಯಾಗ್ತಿತ್ತು ಸಾರ್."

"ಆಗ್ಲಿ ಬಿಡಿ, ಏನೀಗ? ಈಗ ನಾನೇನಂತ ಬರೀಲಿ? ನಿಮ್ಮನ್ನ ಬಲ್ಲೋರು ಈ ರಸ್ತೇಲಿ ಯಾರೂ ಇಲ್ಲ ಅಂತ್ಲಾ?"

ಅದು ನಿಜವೆಂದು ಹೇಳಿದೆ. ಅವರು ಬೈಕು ಚಾಲೂ ಮಾಡಿ ಹೋದರು.

ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲವೆಂಬ ಹಿಂಬರಹ ಬೇಸಿಗೆಯಲ್ಲಿ ಬಂತು. ಮೇಲ್ಮನವಿಗೆ ಅವಕಾಶವಿತ್ತು, ಪರವಾನಗಿ ಇರುವ ಬೇರೆಯವರಿಗೆ ಕೊಡಲಿಕ್ಕೂ ಅವಕಾಶವಿತ್ತು. ಯೋಚಿಸಿದೆ. ಕೊಂಡವರು ಅದರಲ್ಲಿ ಯಾವ ಗುಂಡು ಹಾಕುತ್ತಾರೆ, ಎಲ್ಲಿಗೆ ಗುರಿಯಿಡುತ್ತಾರೆ ಎಂದು ನನಗೆ ತಿಳಿಯುವಂತಿರಲಿಲ್ಲ. ಸರ್ಕಾರಕ್ಕೆ ಒಪ್ಪಿಸುವುದಾಗಿ ಬರೆದುಕೊಟ್ಟೆ. ಒಪ್ಪಿಸಿದ ಆಯುಧಗಳನ್ನು ಕೊನೆಗೆ ಮುರಿದು ಕರಗಿಸುತ್ತಾರೆಂದು ದಫೇದಾರರು ತಿಳಿಸಿದರು. ಇನ್ನೊಮ್ಮೆ ನೋಡುತ್ತೀರಾ ಎಂದರು. ಬೇಡವೆಂದೆ. ಪಂಚೆಯನ್ನು ಮಡಿಸಿ ಹಿಂದಿರುಗಿಸಿದರು. ಅದು ನನ್ನದೇ ಆದ್ದರಿಂದ ರಸೀದಿ ಬೇಕಾಗಲಿಲ್ಲ.

ಅದಾದ ಕೆಲವು ದಿನಗಳ ಮೇಲೆ ಎದುರುಮನೆಯಾಕೆ ಮೊದಲ ಬಾರಿಗೆ ಗೇಟು ದಾಟಿ ಒಳಗೆ ಬಂದರು. ಕಾಫಿ ಕೊಟ್ಟೆ.

"ನಿಜವಾಗ್ಲೂ ಗನ್ ಇತ್ತಾ ನಿಮ್ಮನೇಲಿ? ಏನ್ ಹೊಡೀತಿದ್ರು ನಿಮ್ಮಪ್ಪ?"

"ಜಿಂಕೆ. ಬಹಳ ಹಿಂದೆ."

"ಅಯ್ಯೋ, ಜಿಂಕೇನಾ," ಎಂದು ಲೋಟ ಕೆಳಗಿಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಜಿಂಕೆ ನೋಯದಿರಲೆಂದೇ ಅಷ್ಟೆಲ್ಲ ಕಲಿಯಬೇಕಾಗಿತ್ತು, ಅಮ್ಮ ಬೈದರೂ ಅಪ್ಪ ಮುದ್ದೆಯಲ್ಲಿ ಬೆರಳಿಟ್ಟು ಕಲಿಸುತ್ತಿದ್ದರು ಎಂದು ಹೇಳಬೇಕೆಂದುಕೊಂಡೆ. ಎಲ್ಲಿಂದ ಆರಂಭಿಸಬೇಕೆಂದು ವಾಕ್ಯ ಹೊಂದಿಸಿಕೊಳ್ಳುವಷ್ಟರಲ್ಲಿ ಅವರು ಕುಕ್ಕರ್ ಇಟ್ಟು ಬಂದಿದ್ದೇನೆಂದು ಎದ್ದರು.

ಆಗ ಹೇಳಲಾಗದೆ ಉಳಿದದ್ದನ್ನು ಈ ಮೂಲಕ ತಮ್ಮ ಮುಂದಿಟ್ಟಿದ್ದೇನೆ. ರೈಫಲ್ ಹೋಯಿತು. ವಿದ್ಯೆ ಒಪ್ಪಿಸಲು ಯಾವ ಠಾಣೆಯೂ ಇಲ್ಲ.

ಒಂದು ಸಂದೇಹ ಮಾತ್ರ ಬಾಕಿಯಿದೆ. ಬೆಟ್ಟದ ಮೇಲೆ ನಾವಿದ್ದು, ಕೆಳಗಿನ ಕಣಿವೆಯಲ್ಲಿ ಜಿಂಕೆ ನಿಂತಿದ್ದರೆ, ಗುರಿಯನ್ನು ಎಂದಿಗಿಂತ ತುಸು ಕೆಳಗಿಡಬೇಕೆಂದು ಅಪ್ಪ ನನ್ನ ಹರೆಯದಲ್ಲಿ ಹೇಳಿದ್ದರು. ತೀರಿಕೊಳ್ಳುವ ಹಿಂದಿನ ವರ್ಷ, ಕುರ್ಚಿಯಲ್ಲಿ ಕುಳಿತು, ತುಸು ಮೇಲಿಡಬೇಕೆಂದರು. ಅವರಿಗೆ ಮರೆತಿತ್ತೋ, ಮೊದಲೇ ನಾನು ತಪ್ಪಾಗಿ ಗ್ರಹಿಸಿದ್ದೆನೋ, ನಾಳೆ ಕೇಳೋಣವೆಂದು ಬಿಟ್ಟೆ. ನನ್ನ ಕಾಗುಣಿತದ ತಪ್ಪುಗಳನ್ನು ತಾವು ಓದುತ್ತಲೇ ತಿದ್ದಿಕೊಳ್ಳಬೇಕಾಗಿ ವಿನಂತಿ. ಇದೊಂದರಲ್ಲಿ ಯಾವುದು ಸರಿಯೆಂದು ಬಲ್ಲವರು ತಮ್ಮಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ನನ್ನನ್ನೇ ತಿದ್ದಬೇಕು. ಹಾಗೆ ತಿದ್ದುವವರು ನನಗೆ ಈಗ ಬೇರೆ ಯಾರೂ ಇಲ್ಲ.